ಅಪ್ಪನ ಎತ್ತರದ ಬೆಂಚು

ಕುಳ್ಳಿ ಮೇಸ್ತ್ರಿ ಎಂದು ಜನ ಕರೆಯಲು ಶುರು ಮಾಡಿದ್ದು ಹಾಸ್ಯಕ್ಕೆ. ಅವಳು ಅದೇ ಎರಡು ಪದವನ್ನು ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಕೆತ್ತಿ, ಬಣ್ಣ ತುಂಬಿ, ಇಡೀ ಬೀದಿಗೆ ಕಾಣುವಂತೆ ಬಾಗಿಲ ನೆತ್ತಿಗೆ ಹೊಡೆದುಬಿಟ್ಟಳು. ಅಲ್ಲಿಗೆ ಹಾಸ್ಯ ಮಾಡುವವರ ಬಾಯಿ ಕಟ್ಟಿತು. ತಾನೇ ಬೋರ್ಡು ಹಾಕಿಕೊಂಡವಳನ್ನು ಆ ಹೆಸರು ಹಿಡಿದು ಕೂಗಿದರೆ ಕೂಗಿದವನಿಗೇನು ಸುಖ? ಎತ್ತರದ ವಿಷಯದಲ್ಲಿ ದೇವರು ಅವಳಿಗೆ ಕೈ ಬಿಗಿಹಿಡಿದು ಕೊಟ್ಟಿದ್ದ, ನಿಜ. ಅಲ್ಲಿ ಉಳಿಸಿದ್ದನ್ನೆಲ್ಲ ತೋಳಿಗೂ ನಾಲಿಗೆಗೂ ಸುರಿದಿದ್ದ ಎಂಬುದು ಅವಳ ಬಾಗಿಲಿಗೆ ಹೋದ ಎಲ್ಲರಿಗೂ ಗೊತ್ತು.

ಅವಳು ಮಾಡುತ್ತಿದ್ದುದು ಕುರ್ಚಿ, ಸ್ಟೂಲು, ತೊಟ್ಟಿಲು, ಚಿಕ್ಕ ಪೆಟ್ಟಿಗೆ. ಎಲ್ಲವೂ ಕೈಯಲ್ಲೇ. ಕುರ್ಚಿ ಬೇಕೆಂದು ಬಂದವರು ಮೊದಲು ಚಪ್ಪಲಿ ಬಿಟ್ಟು ಒಳಗೆ ಬಂದು, ಒಂದರ ಮೇಲೊಂದು ಪೇರಿಸಿದ ಹಲಗೆಗಳ ಮೇಲೆ ಕೂರಬೇಕು. ಅವಳು ಎದುರಿಗೆ ಕುಕ್ಕರಗಾಲಲ್ಲಿ ಕೂತು ಅವರ ಮೊಣಕಾಲನ್ನೇ ದಿಟ್ಟಿಸುತ್ತ, ಒಂದು ಹಲಗೆ ತೆಗೆದು, ಇನ್ನೊಂದು ತೆಳ್ಳನೆಯದನ್ನು ತುರುಕಿ, ಪಾದ ನೆಲಕ್ಕೆ ಪೂರ್ತಿ ಕೂತಿತು ಎನ್ನುವವರೆಗೂ ಬಿಡುತ್ತಿರಲಿಲ್ಲ. ದೊಡ್ಡ ಮನುಷ್ಯರು ಕೆಲವರಿಗೆ ಇದು ಅವಮಾನ ಅನ್ನಿಸಿ ಮುಖ ಗಂಟಿಕ್ಕುತ್ತಿದ್ದರು. ಒಬ್ಬರು ಫೋನಿನಲ್ಲಿ ಯಾವುದೋ ಕುರ್ಚಿಯ ಚಿತ್ರ ತೋರಿಸಿ, "ಅಳತೆ ಗಿಳತೆ ಬೇಡಮ್ಮ, ಇದೇ ಥರ ಮಾಡಿಕೊಡು" ಎಂದರು. ಚಿತ್ರದಲ್ಲಿ ಕುರ್ಚಿಯ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು ಒಬ್ಬ ತೆಳ್ಳನೆಯ ಗಂಡಸು ಕೂತಿದ್ದ. "ಹಂಗಾದ್ರೆ ಈ ಮನುಷ್ಯನ್ನ ಕರ್ಕೊಂಡು ಬನ್ನಿ, ಅವನಿಗೆ ಮಾಡಿಕೊಡ್ತೀನಿ" ಎಂದಳು ಕುಳ್ಳಿ ಮೇಸ್ತ್ರಿ. ಅವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅವಳೂ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

ಕೆಲಸ ಕಲಿಸಿದವನು ಅಪ್ಪ. ಅಪ್ಪ ಆಳೆತ್ತರದ ಆಳಲ್ಲ, ಬಾಗಿಲೆತ್ತರದ ಆಳು. ತನ್ನದೇ ಅಂಗಡಿಯೊಳಗೆ ತಲೆ ತಗ್ಗಿಸಿ ಬರುತ್ತಿದ್ದ. ಕೆಲಸದ ಬೆಂಚನ್ನು ತನ್ನ ಮೈಗೆ ತಕ್ಕಂತೆ ತಾನೇ ಮಾಡಿಕೊಂಡಿದ್ದ. ನೆಟ್ಟಗೆ ನಿಂತು ಕೈ ಇಳಿಬಿಟ್ಟರೆ ಅಂಗೈ ಬೆಂಚಿನ ಮೇಲೆ ಚಪ್ಪಟೆಯಾಗಿ ಕೂರಬೇಕು, ಅದೇ ಲೆಕ್ಕ. ಹಾಗಿದ್ದರೆ ಮರ ನುಣುಪು ಮಾಡುವ ಉಜ್ಜುಗೊರಡು ಹಿಡಿದು ಮರದ ಮೇಲೆ ಓಡಿಸುವಾಗ ಮೈಯ ಭಾರ ತಾನಾಗಿ ಗೊರಡಿನ ಮೇಲೆ ಬೀಳುತ್ತದೆ, ತೋಳಿಗೆ ಅರ್ಧ ಕೆಲಸ. ಮೂರು ಬೆರಳು ದಪ್ಪದ ತೇಗದ ಹಲಗೆ, ಕಂಬದಂಥ ನಾಲ್ಕು ಕಾಲು, ಒಂದು ಮಗ್ಗುಲಿಗೆ ಮರ ಕಚ್ಚಿ ಹಿಡಿಯುವ ವೈಸು. ಮಗಳು ಉಳಿ ಹಿಡಿಯುತ್ತೇನೆಂದು ಹಟ ಹಿಡಿದಾಗ ಆ ಬೆಂಚು ಅವಳ ಮೂಗಿಗೆ ಬರುತ್ತಿತ್ತು. ಅಪ್ಪ ನಕ್ಕು, ಒಂದು ಅಗಲವಾದ ಮಣೆ ಮಾಡಿ ಬೆಂಚಿನ ಬುಡಕ್ಕೆ ಇಟ್ಟು, "ಹತ್ತು" ಎಂದ. ಅವಳು ಹತ್ತಿದಳು. ಇಳಿಯಲೇ ಇಲ್ಲ.

ಇಳಿಯಲೇ ಇಲ್ಲ ಎಂದರೆ, ಬೆಳೆದ ಮೇಲೂ ಬೆಂಚು ಅವಳ ಪಕ್ಕೆಲುಬಿಗೇ ಬರುತ್ತಿತ್ತು. ಅಮ್ಮನ ಮೈಕಟ್ಟು ಅವಳದು, ಅಪ್ಪನ ಕೈ ಮಾತ್ರ ಬಂದಿತ್ತು. ಅಪ್ಪ ಸತ್ತ ಮೇಲೂ ಮಣೆಯ ಮೇಲೆ ನಿಂತೇ ಕೆಲಸ ಮಾಡಿದಳು, ತಲೆಗೂದಲಲ್ಲಿ ಬಿಳಿ ಬರುವವರೆಗೂ. ಮಣೆಯ ತೊಂದರೆ ಏನೆಂದರೆ ಅದು ಮುಗಿಯುತ್ತದೆ. ಉದ್ದದ ಹಲಗೆ ನುಣುಪು ಮಾಡುವವರು ಗೊರಡು ಹಿಡಿದು ಹಲಗೆಯ ಜೊತೆಗೇ ಈ ತುದಿಯಿಂದ ಆ ತುದಿಗೆ ನಡೆಯಬೇಕು. ಮಣೆಯ ಮೇಲೆ ನಿಂತವಳು ಎಲ್ಲಿಗೆ ನಡೆಯುತ್ತಾಳೆ? ಒಂದು ಸಲ ಮಣೆಗೆ ಮಣೆ ಜೋಡಿಸಿ ಉದ್ದ ಮಾಡಿಕೊಂಡಳು. ಗೊರಡಿನ ಮೇಲೆ ಕಣ್ಣಿಟ್ಟು ನಡೆದವಳು ಎರಡು ಮಣೆಯ ನಡುವಿನ ಸಂದಿಗೆ ಕಾಲು ಹಾಕಿ ಬಿದ್ದಳು, ಭುಜ ಕಳಚಿಕೊಂಡಳು. ಅಂದಿನಿಂದ ಉದ್ದದ ಕೆಲಸ ಬಂದರೆ, "ನಾನು ಮೇಜು ಮಾಡಲ್ಲ" ಎಂದು ವಾಪಸು ಕಳಿಸುತ್ತಿದ್ದಳು. ಯಾಕೆಂದು ಯಾರಿಗೂ ಹೇಳುತ್ತಿರಲಿಲ್ಲ. ಕುಳ್ಳಿ ಮಾಡೋದೆಲ್ಲ ಕುಳ್ಳ ಸಾಮಾನೇ ಎಂದು ಬೀದಿಯವರು ನಗುತ್ತಿದ್ದರು. ಆ ಒಂದು ಮಾತು ಮಾತ್ರ ಅವಳಿಗೆ ನಾಟುತ್ತಿತ್ತು.

ಬೆಂಚಿನ ಕಾಲು ಕೊಯ್ದು ತಗ್ಗಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ನೀವು ಹೊರಗಿನವರು, ಕೇಳುತ್ತೀರಿ. ಆ ಮನೆಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಅದು ಅಪ್ಪನ ಬೆಂಚು.

ಅದನ್ನು ಕೇಳಿದವಳು ಟೈಲರಕ್ಕ.

ಟೈಲರಕ್ಕ ಅದೇ ಬೀದಿಯ ಕೊನೆಯಲ್ಲಿ ಶಾಲಾ ಮಕ್ಕಳ ಸಮವಸ್ತ್ರ ಹೊಲಿಸುವವಳು. ಅವಳ ಕೈಕೆಳಗೆ ನಾಲ್ಕೈದು ಹೆಂಗಸರು. ಬಟ್ಟೆ ಹಾಸಿ ಕತ್ತರಿಸಲು ಅಲ್ಲಿ ಸರಿಯಾದ ಮೇಜಿಲ್ಲದೆ ಎಲ್ಲರೂ ನೆಲದ ಮೇಲೆ ಮಂಡಿಯೂರಿ ಕತ್ತರಿ ಆಡಿಸುತ್ತಿದ್ದರು. ಸಂಜೆಗೆ ಒಬ್ಬೊಬ್ಬರೂ ಸೊಂಟ ಹಿಡಿದುಕೊಂಡೇ ಏಳುತ್ತಿದ್ದರು. ಒಂದು ದಿನ ಬೆಳಿಗ್ಗೆ ಅವಳು ಮರಗೆಲಸದ ಅಂಗಡಿಗೆ ನುಗ್ಗಿ, ಪೇರಿಸಿದ ಹಲಗೆಗಳ ಮೇಲೆ ಹೇಳಿಸಿಕೊಳ್ಳದೆಯೇ ಕೂತಳು.

"ಎದ್ದೇಳಕ್ಕ, ನಿಂಗೆ ಕುರ್ಚಿ ಮಾಡಿಕೊಟ್ಟಾಗಿದೆಯಲ್ಲ" ಎಂದಳು ಮೇಸ್ತ್ರಿ, ಮಣೆಯ ಮೇಲಿಂದಲೇ.

"ಕುರ್ಚಿ ಯಾರಿಗೆ ಬೇಕು? ನಂಗೆ ಮೇಜು ಬೇಕು. ಉದ್ದ ಮೇಜು. ಆ ಕಡೆ ಮೂವರು, ಈ ಕಡೆ ಮೂವರು ನಿಂತು ಕತ್ತರಿಸ್ಬೇಕು. ನಿಂತು, ತಿಳೀತಾ? ಬಗ್ಗಿ ಅಲ್ಲ."

"ನಾನು ಮೇಜು ಮಾಡಲ್ಲಕ್ಕ. ನಿಂಗೆ ಗೊತ್ತಲ್ಲ."

"ಗೊತ್ತು. ಯಾಕೆ ಅಂತ ಗೊತ್ತಿಲ್ಲ."

ಮೇಸ್ತ್ರಿ ಗೊರಡು ತಳ್ಳಿದಳು. ಎರಡು ಹೆಜ್ಜೆ ಹಾಕಿದಳು, ಮಣೆಯ ಅಂಚಿಗೆ ಬಂದಳು, ನಿಂತಳು. ಟೈಲರಕ್ಕ ಮೈಗೆ ಹೊಂದದ ಅಂಗಿಯನ್ನು ದೂರದಿಂದಲೇ ಗುರುತಿಸುವ ಹೆಂಗಸು. ಅವಳ ಕಣ್ಣು ಮಣೆಯಿಂದ ಬೆಂಚಿಗೆ, ಬೆಂಚಿನಿಂದ ಮಣೆಗೆ ಹೋಯಿತು.

"ಅಲ್ಲ ಕಣೆ, ಊರಿನವರನ್ನೆಲ್ಲ ಹಲಗೆ ಮೇಲೆ ಕೂರಿಸಿ ಮೊಣಕಾಲು ನೋಡ್ತೀಯ. ನೀನು ಇನ್ಯಾರದೋ ಬಟ್ಟೆ ಹಾಕ್ಕೊಂಡು ನಿಂತಿದ್ದೀಯಲ್ಲೆ!"

"ಇನ್ಯಾರದೋ ಅಲ್ಲ. ಅಪ್ಪಂದು."

"ಅಪ್ಪಂದಾದ್ರೇನು? ನಮ್ಮಪ್ಪನ ಪ್ಯಾಂಟು ನಂಗೆ ಬೇಕು ಅಂದ್ರೆ ಕಾಲು ಕತ್ತರಿಸಿ ಮಡಚಿ ಹೊಲಿದು ಹಾಕ್ಕೊತೀನಿ. ಹಂಗೇ ಎಳ್ಕೊಂಡು ಓಡಾಡಲ್ಲ" ಎಂದು ಟೈಲರಕ್ಕ ಎದ್ದಳು. "ಯೋಚನೆ ಮಾಡು. ಫ್ಯಾಕ್ಟರಿ ಮೇಜು ತರಕ್ಕೆ ನಿಮ್ಮಣ್ಣನ ಅಂಗಡಿ ಇದೆ. ನಂಗೆ ಅದು ಬೇಡ ಅಂತ ಇಲ್ಲಿಗೆ ಬಂದಿದ್ದು."

ಅಣ್ಣನ ಅಂಗಡಿಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಣ್ಣ ಅಪ್ಪನಷ್ಟೇ ಎತ್ತರ. ಚಿಕ್ಕಂದಿನಲ್ಲಿ ಈ ಅಂಗಡಿಯ ನೆಲ ಗುಡಿಸಿದವನು, ಉಳಿ ಮಸೆದವನು. ಮೀಸೆ ಬರುತ್ತಲೇ ಮರದ ಪುಡಿ ಕೊಡವಿಕೊಂಡು ಹೊರಟ. ಈಗ ಮುಖ್ಯ ರಸ್ತೆಯಲ್ಲಿ ಅವನದೊಂದು ಶೋರೂಮು. ಗಾಜಿನ ಬಾಗಿಲು, ತಣ್ಣನೆ ಗಾಳಿ, ಸಾಲು ಸಾಲು ಸೋಫಾ. ಮರದ ಪುಡಿಗೆ ಅಂಟು ಹಾಕಿ ಒತ್ತಿ, ಮೇಲೆ ಮರದ ಚಿತ್ರ ಅಂಟಿಸಿದ ಸಾಮಾನು. ನೀರು ಬಿದ್ದರೆ ಬಿಸ್ಕತ್ತಿನ ಹಾಗೆ ಉಬ್ಬಿಕೊಳ್ಳುವಂಥದ್ದು. ಮಾರಲಿ ಬಿಡಿ, ಕೊಳ್ಳುವವರಿದ್ದಾರೆ, ಮಾರುತ್ತಾನೆ. ಕೆಟ್ಟ ಮನುಷ್ಯನೇನೂ ಅಲ್ಲ. ಅಮ್ಮನಿಗೆ ಔಷಧಿ ತಂದುಕೊಡುವುದನ್ನು ತಪ್ಪಿಸಿದವನಲ್ಲ. ಆದರೆ ಅವನಿಗೊಂದು ಚಟ: ತಂಗಿಯನ್ನು ಉದ್ಧಾರ ಮಾಡುವುದು. ತಿಂಗಳಿಗೊಮ್ಮೆಯಾದರೂ ಬಂದು, "ಯಾಕೆ ಮೈ ಕೈ ನೋಯಿಸ್ಕೊತೀಯ? ಬಾ, ಶೋರೂಮಿನಲ್ಲಿ ಕುರ್ಚಿ ಹಾಕಿಕೊಡ್ತೀನಿ, ಬಂದವರ ಹತ್ರ ಮಾತಾಡ್ಕೊಂಡಿರು" ಎನ್ನುತ್ತಿದ್ದ. "ನಿನ್ನ ಕುರ್ಚಿ ಮೇಲೆ ಕೂತ್ರೆ ನನ್ನ ಕಾಲು ನೇತಾಡುತ್ತೆ" ಎಂದು ಅವಳು ಸಾಗಹಾಕುತ್ತಿದ್ದಳು.

ಟೈಲರಕ್ಕ ಬಂದು ಹೋದ ವಾರದಲ್ಲೇ ಅವನೂ ಬಂದ. ಈ ಸಲ ಮುಖದಲ್ಲಿ ಬೇರೆಯೇ ಕಳೆ. ಇನ್ನೊಂದು ಶೋರೂಮು ತೆರೆಯುತ್ತಿದ್ದಾನೆ, ಮೊದಲಿನದಕ್ಕಿಂತ ದೊಡ್ಡದು. ಎದುರಿನ ಗಾಜಿನ ಹಿಂದೆ, ರಸ್ತೆಗೆ ಕಾಣುವಂತೆ, ಅಪ್ಪನ ದೊಡ್ಡ ಫೋಟೋ. ಅದರ ಕೆಳಗೆ ಅಪ್ಪನ ಬೆಂಚು. ಮೇಲೆ ಸಣ್ಣ ಸಣ್ಣ ದೀಪ. 'ತಲೆಮಾರುಗಳ ಮರಗೆಲಸ' ಎಂದು ಹೊಳೆಯುವ ಅಕ್ಷರ.

ಮೇಸ್ತ್ರಿ ಉಳಿಯನ್ನು ಕೆಳಗಿಟ್ಟಳು. "ಬೆಂಚು ಒಯ್ದ್ರೆ ನಾನು ಎಲ್ಲಿ ಕೆಲಸ ಮಾಡ್ಲಿ?"

"ಹೊಸಾದು ಕೊಡಿಸ್ತೀನಿ. ಕಬ್ಬಿಣದ್ದು. ಎತ್ತರ ಏರಿಸ್ಬಹುದು, ಇಳಿಸ್ಬಹುದು. ನಿನಗೇ ಅನುಕೂಲ."

"ಕಬ್ಬಿಣದ ಮೇಲೆ ಉಳಿ ಜಾರಿದ್ರೆ ಉಳಿ ಬಾಯಿ ಹೋಗುತ್ತೆ. ಗೊತ್ತಿಲ್ವಾ ನಿಂಗೆ?"

"ನಿಂದೊಂದು ತಕರಾರು ಇದ್ದೇ ಇರುತ್ತೆ. ಬುಧವಾರ ವ್ಯಾನು ಕಳಿಸ್ತೀನಿ. ನಾನೂ ಬರ್ತೀನಿ. ಅಪ್ಪನ್ನ ನಾಲ್ಕು ಜನ ನೋಡ್ಲಿ ಕುಳ್ಳಿ. ಈ ಗೂಡಿನಲ್ಲಿ ಯಾರು ನೋಡ್ತಾರೆ?"

"ಅಪ್ಪ ಬೆಂಚು ಮಾಡಿದ್ದು ನೋಡಕ್ಕಲ್ಲ."

ಅಣ್ಣ ಅಮ್ಮನ ಕಡೆ ತಿರುಗಿದ. ಅಮ್ಮ ಒಳಬಾಗಿಲಲ್ಲಿ ಗೋಡೆಗೆ ಒರಗಿ ನಿಂತಿದ್ದಳು. ಅಂಗಡಿಯ ಹಿಂದಿನ ಎರಡು ಕೋಣೆಯೇ ತಾಯಿ ಮಗಳ ಮನೆ. "ನೀನೇ ಹೇಳಮ್ಮ" ಎಂದ. ಅಮ್ಮ ಇಬ್ಬರನ್ನೂ ನೋಡಿ, "ಒಯ್ಯಲಿ ಬಿಡೆ. ಅಪ್ಪನ ಹೆಸರು ಉಳಿಯುತ್ತೆ" ಎಂದಳು.

ಮೇಸ್ತ್ರಿಗೆ ಮೈಯೆಲ್ಲ ಉರಿದುಹೋಯಿತು. ಅಪ್ಪನ ಹೆಸರು ಗಾಜಿನ ಹಿಂದೆ ಉಳಿಯುತ್ತದೆಯಂತೆ, ಉಬ್ಬುವ ಹಲಗೆಯ ಸೋಫಾಗಳ ಪಕ್ಕದಲ್ಲಿ! ಹಾಗಾದರೆ ಇಷ್ಟು ವರ್ಷ ಅವಳು ಮಾಡಿದ ಕುರ್ಚಿಗಳಲ್ಲಿ ಉಳಿದದ್ದು ಯಾರ ಹೆಸರು? ಕೇಳಲಿಲ್ಲ. ಕೇಳಿದ್ದರೆ ಅಳು ಬರುತ್ತಿತ್ತು, ಅಣ್ಣನ ಎದುರು ಅಳುವುದಕ್ಕಿಂತ ಬೆರಳು ಕೊಯ್ದುಕೊಳ್ಳುವುದು ವಾಸಿ ಎಂಬುದು ಅವಳ ಲೆಕ್ಕ. ಅಣ್ಣ ಹೋದ ಮೇಲೆ ಬೆಂಚಿನ ಮುಂದೆ ನಿಂತಳು. ಮಣೆಯ ಮೇಲಲ್ಲ, ನೆಲದ ಮೇಲೆ, ಬರಿಗಾಲಲ್ಲಿ. ನೆಟ್ಟಗೆ ನಿಂತು ಕೈ ಇಳಿಬಿಟ್ಟಳು. ಬೆಂಚಿನ ಮೇಲ್ಮೈ ಅವಳ ಮೊಣಕೈಯವರೆಗೂ ಬರುತ್ತಿತ್ತು. ಅಂಗೈ ಗಾಳಿಯಲ್ಲಿ ನೇತಾಡುತ್ತಿತ್ತು.

ಅಪ್ಪ ಒಳ್ಳೆಯವನು. ಮಗಳನ್ನು ತನ್ನ ಎತ್ತರಕ್ಕೆ ಎತ್ತಲು ಮಣೆ ಮಾಡಿಕೊಟ್ಟ, ಪ್ರೀತಿಯಿಂದಲೇ ಕೊಟ್ಟ. ಆದರೆ ಬೆಂಚು ಇಳಿಸಬಹುದು ಎಂದು ಅವನಿಗೆ ಒಮ್ಮೆಯೂ ಹೊಳೆಯಲಿಲ್ಲವಲ್ಲ. ಅವಳಿಗೂ ಹೊಳೆಯಲಿಲ್ಲ. ಅದು ಅರಿವಾಗಿ ಅವಳಿಗೆ ಅಪ್ಪನ ಮೇಲೆ ಮೊದಲ ಬಾರಿಗೆ ಕೋಪ ಬಂತು, ತನ್ನ ಮೇಲೆ ಅದಕ್ಕಿಂತ ಹೆಚ್ಚು.

"ಅಮ್ಮ, ಬೆಂಚಿನ ಕಾಲು ಕೊಯ್ತೀನಿ" ಎಂದಳು.

ಅಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಆದ ಮೇಲೆ ಎದೆ ಹಿಡಿದುಕೊಂಡಳು. "ಅಪ್ಪನ ಬೆಂಚಿಗೆ ಗರಗಸ ಹಾಕ್ತೀಯಾ? ಅವರಿದ್ದಿದ್ರೆ ಕೈ ಮುರೀತಿದ್ರು."

"ಇದ್ದಿದ್ರೆ ಅವರೇ ಕೆಲಸ ಮಾಡ್ತಿದ್ರು. ಮಾಡೋಳು ಈಗ ನಾನು."

"ನಿಮ್ಮಣ್ಣ ಏನಂತಾನೆ?"

"ಅನ್ನಲಿ. ಅನ್ನೋದು ಅವನಿಗೆ ಅಭ್ಯಾಸ ಇದೆ."

ಅಮ್ಮ ಮುಖ ಊದಿಸಿಕೊಂಡು ಒಳಗೆ ಹೋದಳು. ಎರಡು ದಿನ ಮಗಳ ಜೊತೆ ಮಾತಾಡಲಿಲ್ಲ. ಊಟ ಬಡಿಸುತ್ತಿದ್ದಳು, ತಟ್ಟೆಯನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದಳು, ಅಷ್ಟೆ.

ಕದ್ದು ಮುಚ್ಚಿ ಮಾಡುವ ಪೈಕಿ ಅಲ್ಲ ಕುಳ್ಳಿ ಮೇಸ್ತ್ರಿ. ಬುಧವಾರ ಬೆಳಿಗ್ಗೆ ಅಂಗಡಿಯ ಬಾಗಿಲು ಪೂರ್ತಿ ತೆರೆದಿಟ್ಟಳು. ಅಣ್ಣನ ವ್ಯಾನು ಬರುವ ದಿನವೇ ಯಾಕೆ ಎಂದರೆ, ಅದೇ ಅವಳ ಜಾಯಮಾನ. ಹಿಂದಿನ ದಿನ ಮಾಡಿದ್ದರೆ ಹೆದರಿ ಮಾಡಿದಂತಾಗುತ್ತಿತ್ತು. ಟೈಲರಕ್ಕನಿಗೆ ಹೇಳಿ ಕಳಿಸಿದಳು. ಅವಳು ತನ್ನ ಹೆಂಗಸರನ್ನೆಲ್ಲ ಕತ್ತರಿ ಕೆಳಗಿಡಿಸಿ ಕರೆದುಕೊಂಡು ಬಂದಳು. ಬೆಂಚು ಆನೆಯಂಥ ಭಾರ. ಅಷ್ಟೂ ಜನ ಕೈ ಹಾಕಿ, ಒಬ್ಬರ ಕಾಲು ಇನ್ನೊಬ್ಬರು ತುಳಿದು, ಬೈದು, ನಕ್ಕು, ಅದನ್ನು ಎತ್ತಿ ಅಂಗಡಿಯ ನಡುವೆ ಮಗ್ಗುಲಾಗಿ ಮಲಗಿಸಿದರು. ಬೆಂಚಿನ ಹೊಟ್ಟೆಯಲ್ಲಿ ಜೇಡರಬಲೆ, ಹಳೆಯ ಮರದ ಪುಡಿ. ಬೇರೇನೂ ಇರಲಿಲ್ಲ.

ಅವಳು ಗೋಡೆಗೆ ಬೆನ್ನು ಕೊಟ್ಟು ನಿಂತು ಕೈ ಇಳಿಬಿಟ್ಟಳು. ಟೈಲರಕ್ಕ ಅವಳ ಅಂಗೈಯಿಂದ ನೆಲಕ್ಕೆ ಒಂದು ಕೋಲು ಹಿಡಿದು ಗುರುತು ಹಾಕಿದಳು. ಆ ಕೋಲನ್ನು ಬೆಂಚಿನ ಪಕ್ಕಕ್ಕಿಟ್ಟಾಗ ಹೆಚ್ಚಾಗಿ ಉಳಿದ ಎತ್ತರ ಒಂದು ಗೇಣು. ಒಂದು ಗೇಣು! ಅಷ್ಟು ವರ್ಷ ಅವಳ ಭುಜ ಹೊತ್ತದ್ದು ಅದನ್ನು. ನಾಲ್ಕೂ ಕಾಲಿನ ಬುಡದಿಂದ ಅಷ್ಟೇ ಅಷ್ಟು ಅಳೆದು, ಸುತ್ತಲೂ ಚಾಕುವಿನಿಂದ ಗೆರೆ ಕೊರೆದಳು. ಗರಗಸ ಎತ್ತಿಕೊಂಡಳು.

ಸುಳ್ಳು ಯಾಕೆ ಹೇಳಬೇಕು, ತಕ್ಷಣ ಕೊಯ್ಯಲಿಲ್ಲ. ಎದುರಿಗಿದ್ದ ಕಾಲಿನ ಅಂಚಿನಲ್ಲಿ ಅಪ್ಪನ ಪಾದ ತಾಗಿ ತಾಗಿ ಸವೆದ ಜಾಗವಿತ್ತು. ಬೆರಳಿನಿಂದ ಅದನ್ನು ಸವರಿದಳು. ಕಣ್ಣು ತುಂಬಿತು. ಆಮೇಲೆ ಹಲ್ಲು ಕಚ್ಚಿ ಗರಗಸವನ್ನು ಗೆರೆಯ ಮೇಲಿಟ್ಟು ಒಮ್ಮೆ ಹಿಂದಕ್ಕೆ ಎಳೆದಳು. ಮರ ಬಾಯಿ ಬಿಟ್ಟಿತು. ಅಲ್ಲಿಂದ ಮುಂದೆ ತಡೆಯಲಿಲ್ಲ. ಕೊಯ್ಯಲು ಶುರು ಮಾಡಿದ ಮೇಲೆ ಅವಳು ಯಾವತ್ತೂ ನಡುವೆ ನಿಲ್ಲಿಸಿದ್ದಿಲ್ಲ.

ಬೀದಿಯಲ್ಲಿ ಹೋಗುವವರು ಬಾಗಿಲಲ್ಲಿ ನಿಂತರು. "ಏನಮ್ಮ, ದೊಡ್ಡ ಮೇಸ್ತ್ರಿ ಬೆಂಚನ್ನೂ ಕುಳ್ಳ ಮಾಡ್ತಿದ್ದೀಯ?" ಎಂದು ಎದುರು ಮನೆಯ ಗಡಿಯಾರ ರಿಪೇರಿಯವನು ಕೇಳಿದ.

"ಹೌದು. ನಿಂತಿದ್ರೆ ನಿನ್ನನ್ನೂ ಮಾಡ್ತೀನಿ, ಬಾ."

ಅವನು ನಿಲ್ಲಲಿಲ್ಲ.

ನಾಲ್ಕು ತುಂಡು ಒಂದೊಂದಾಗಿ ನೆಲಕ್ಕೆ ಬಿದ್ದವು. ಹೆಂಗಸರು ಮತ್ತೆ ಕೈ ಹಾಕಿ ಬೆಂಚನ್ನು ಎತ್ತಿ ಅದರ ಜಾಗದಲ್ಲಿ ನಿಲ್ಲಿಸಿದರು. ಮೇಸ್ತ್ರಿ ಹತ್ತಿರ ಹೋಗಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಳು. ಅಂಗೈ ಹೋಗಿ ಹಲಗೆಯ ಮೇಲೆ ಚಪ್ಪಟೆಯಾಗಿ ಕೂತಿತು. ಮೈಯಲ್ಲಿ ಏನೋ ಸಡಿಲವಾದಂತಾಯಿತು. ಖುಷಿಯಿಂದ ಅಂಗೈಯನ್ನು ಒತ್ತಿದಳು. ಬೆಂಚು ಟಕ್ ಎಂದು ಅಲುಗಾಡಿತು.

ಅವಳು ಇನ್ನೊಂದು ಮೂಲೆ ಒತ್ತಿದಳು. ಟಕ್. ಜೀವಮಾನದಲ್ಲಿ ಅವಳು ಕೊಯ್ದ ಕುರ್ಚಿಯ ಕಾಲುಗಳಿಗೆ ಲೆಕ್ಕವಿಲ್ಲ, ಒಂದೂ ಅಲುಗಾಡಿದ್ದಿಲ್ಲ. ಅಪ್ಪನ ಬೆಂಚಿನಲ್ಲೇ ಕೈ ತಪ್ಪಿತೇ? ಒಳಬಾಗಿಲಿನಲ್ಲಿ ಅಮ್ಮ ಬಂದು ನಿಂತಿದ್ದಳು.

ಅಷ್ಟರಲ್ಲಿ ಹೊರಗೆ ವ್ಯಾನು ಬಂದು ನಿಂತಿತು. ಅಣ್ಣ ತಲೆ ತಗ್ಗಿಸಿ ಒಳಗೆ ಬಂದ. ಬೆಂಚು ನೋಡಿದ. ನೆಲದ ಮೇಲಿದ್ದ ತುಂಡುಗಳನ್ನು ನೋಡಿದ. ಮುಖದ ರಕ್ತವೆಲ್ಲ ಇಳಿದುಹೋಯಿತು.

"ಏನು ಮಾಡಿದ್ಯೆ ಇದು?"

"ಕಾಣ್ತಿದೆಯಲ್ಲ."

"ಅಪ್ಪನ ಬೆಂಚು ಕಣೆ! ನಿಂಗೆ ಮನುಷ್ಯತ್ವ ಇದೆಯಾ? ನಾನು ಜನಕ್ಕೆಲ್ಲ ಹೇಳಿದ್ದೀನಿ, ದೀಪ ಹಾಕ್ಸಿದ್ದೀನಿ..." ಎನ್ನುತ್ತ ಬೆಂಚಿನ ಅಂಚನ್ನು ಹಿಡಿದು ಜಗ್ಗಿದ. ಟಕ್ ಎಂದಿತು. ಅವನು ಇನ್ನೊಮ್ಮೆ ಜಗ್ಗಿದ. ಆಮೇಲೆ ನಡೆದದ್ದನ್ನು ಅವನು ಮಾಡಬೇಕೆಂದು ಮಾಡಿದ್ದಲ್ಲ ಎಂದೇ ನನ್ನ ನಂಬಿಕೆ. ಬೈಯುವುದನ್ನು ಅರ್ಧಕ್ಕೆ ನಿಲ್ಲಿಸಿ ಬಗ್ಗಿ, ಕಾಲಿನ ಬುಡ ನೋಡಿದ, ನೆಲ ನೋಡಿದ. "ತಿರುಗಿಸಿ ಇಟ್ಟಿದ್ದೀರಲ್ಲ" ಎಂದ. "ವೈಸು ಕಿಟಕಿ ಕಡೆ ಬರ್ಬೇಕು. ಆ ಮೂಲೇಲಿ ನೆಲ ತಗ್ಗು. ಅಪ್ಪ ಆ ಒಂದು ಕಾಲನ್ನ ಕೂದಲೆಳೆ ಉದ್ದ ಇಟ್ಟಿದ್ದ. ಗುಡಿಸೋವಾಗ ಕಸ ಎಲ್ಲ ಅಲ್ಲೇ ನಿಲ್ತಿತ್ತು."

ಮೇಸ್ತ್ರಿ ಕಣ್ಣು ಮುಚ್ಚಿ ತೆರೆದಳು. ಸರಿಯಾಗಿ ಹೇಳಿದ್ದ. ಬೆಂಚನ್ನು ಎಂದೂ ಕದಲಿಸದವರಿಗೆ ಅದು ಹೇಗೆ ನೆನಪಿರಬೇಕು? ನಾಲ್ಕೂ ಕಾಲಿನಿಂದ ಒಂದೇ ಅಳತೆ ಕೊಯ್ದಿದ್ದಳು, ಹಾಗಾಗಿ ಆ ಕೂದಲೆಳೆ ಉದ್ದ ಉಳಿದೇ ಇತ್ತು. ಹೆಂಗಸರು ಎತ್ತುವ ಗಡಿಬಿಡಿಯಲ್ಲಿ ಹಿಂದುಮುಂದಾಗಿ ಇಟ್ಟಿದ್ದರು. "ಹಿಡೀರಿ" ಎಂದಳು. ಎಲ್ಲರೂ ಹಿಡಿದರು. ಅಣ್ಣನೂ ಒಂದು ಮೂಲೆಗೆ ಕೈ ಹಾಕಿದ, ಅಂಗಿ ಕೊಳೆಯಾದೀತೆಂಬ ಪರಿವೆಯೂ ಇಲ್ಲದೆ. ತಿರುಗಿಸಿ ಇಟ್ಟರು. ಬೆಂಚು ಬಂಡೆಯಂತೆ ನಿಂತಿತು.

ಆಗ ಅಣ್ಣನಿಗೆ ತಾನು ಬಂದ ಕೆಲಸ ನೆನಪಾಯಿತು. ನೆಟ್ಟಗಾಗಿ ನಿಂತ. ಬೆಂಚು ಅವನ ತೊಡೆಗೆ ಬರುತ್ತಿತ್ತು.

"ಇದನ್ನ ಹೆಂಗೆ ಇಡ್ಲಿ ನಾನು ಶೋರೂಮಿನ ಗಾಜಿನ ಹಿಂದೆ? ಫೋಟೋ ಕೆಳಗೆ ಮಕ್ಕಳ ಮೇಜಿನ ಥರ ಕಾಣುತ್ತೆ. ಆ ತುಂಡುಗಳನ್ನ ಅಂಟಿಸಿಕೊಡು. ಮೊಳೆ ಹೊಡಿ. ದೂರದಿಂದ ಗೊತ್ತಾಗಲ್ಲ."

"ನಾನು ಅಂಟಿಸಲ್ಲ."

"ಕುಳ್ಳಿ, ನಾನು ಹಿರಿಯವನು, ನನ್ನ ಮಾತಿಗೂ ಒಂದು ಬೆಲೆ..."

"ಅಣ್ಣ." ಅವಳ ದನಿ ಏರಲಿಲ್ಲ. ಅದಕ್ಕೇ ಅವನು ಬಾಯಿ ಮುಚ್ಚಿದ. ಅವಳು ಬಗ್ಗಿ ನಾಲ್ಕೂ ತುಂಡುಗಳನ್ನು ಒಂದೊಂದಾಗಿ ಎತ್ತಿ, ಮರದ ಪುಡಿ ಒರೆಸಿ, ಅವನ ಎರಡು ತೋಳಿನ ಮೇಲೆ ಪೇರಿಸಿದಳು. "ನಿಂಗೆ ಬೇಕಾಗಿದ್ದು ಅಪ್ಪನ ಎತ್ತರ ತಾನೆ? ಇಲ್ಲಿದೆ ತಗೋ. ನನಗಿಂತ ಅಪ್ಪ ಎಷ್ಟು ಎತ್ತರವೋ ಅಷ್ಟೂ ಇದೆ, ಒಂದು ಚೂರೂ ಇಟ್ಕೊಂಡಿಲ್ಲ. ದೀಪ ಹಾಕಿ ಇಡು. ಮಿಕ್ಕಿದ್ದು ಕೆಲಸ ಮಾಡೋ ಬೆಂಚು. ಅದು ನಂದು."

ಅಣ್ಣ ತೋಳಿನ ಮೇಲಿದ್ದ ತುಂಡುಗಳನ್ನು ನೋಡಿದ. ಎಸೆಯುತ್ತಾನೆ ಎಂದುಕೊಂಡರು ಎಲ್ಲರೂ. ಎಸೆಯಲಿಲ್ಲ. ಹೆಬ್ಬೆರಳಿನಿಂದ ಮೇಲಿನ ತುಂಡಿನ ಕೊಯ್ದ ಮುಖವನ್ನು ಸವರಿದ, ಚಿಕ್ಕಂದಿನಲ್ಲಿ ಅಪ್ಪ ಸವರಿಸುತ್ತಿದ್ದ ಹಾಗೆ. "ನೆಟ್ಟಗೆ ಕೊಯ್ದಿದ್ದೀಯ" ಎಂದ, ಯಾರಿಗೂ ಕೇಳಿಸಬಾರದೆಂಬಂತೆ. ಆಮೇಲೆ ಜೋರಾಗಿ, "ಹುಚ್ಚು ಹಿಡಿದಿದೆ ನಿಂಗೆ. ಇನ್ನು ಈ ಕಡೆ ಬಂದ್ರೆ ಕೇಳು" ಎಂದು ತುಂಡುಗಳನ್ನು ಎದೆಗವಚಿಕೊಂಡು, ತಲೆ ತಗ್ಗಿಸುವುದನ್ನು ಮರೆತು, ಬಾಗಿಲಿಗೆ ಹಣೆ ಹೊಡೆದುಕೊಂಡು ಹೊರಗೆ ಹೋದ. ಖಾಲಿ ವ್ಯಾನು ಹಿಂದೆ ಹಿಂದೆಯೇ ಹೋಯಿತು. ನಗಬೇಕೆನ್ನಿಸಿದರೂ ಯಾರೂ ನಗಲಿಲ್ಲ, ಟೈಲರಕ್ಕನ ಹೊರತು.

"ಈಗ ನನ್ನ ಮೇಜು?" ಎಂದಳು ಅವಳು.

ಉದ್ದದ ಹಲಗೆ ಗೋಡೆಗೆ ಒರಗಿಕೊಂಡಿತ್ತು. ಮಾಡುತ್ತೇನೋ ಇಲ್ಲವೋ ಎಂದು ಗೊತ್ತಿಲ್ಲದೆಯೇ ಮೇಸ್ತ್ರಿ ಅದನ್ನು ಹಿಂದಿನ ವಾರ ಆರಿಸಿ ತಂದಿದ್ದಳು. ಅದನ್ನು ಬೆಂಚಿಗೆ ಹಾಕಿದರು. ಮಣೆಯನ್ನು ಅವಳು ಕಾಲಿನಿಂದ ಒಂದು ಪಕ್ಕಕ್ಕೆ ನೂಕಿದಳು. ಗೊರಡು ಹಿಡಿದು ತಳ್ಳಿದಳು. ಭಾರ ತಾನಾಗಿ ಬಿತ್ತು. ಮರದ ಸುರುಳಿ ಸುಯ್ಯೆಂದು ಬಿಚ್ಚಿಕೊಂಡು ಬಂತು. ಎರಡು ಹೆಜ್ಜೆ ಹೋಯಿತೋ ಇಲ್ಲವೋ, ಕಾಲು ಗಕ್ಕನೆ ನಿಂತುಬಿಟ್ಟಿತು. ಗೊರಡು ಹಲಗೆಯ ನಡುವೆ ನಿಂತು ಅಡ್ಡಕ್ಕೊಂದು ಉಬ್ಬಿದ ಏಣು ಮೂಡಿತು. ಅಲ್ಲಿ ಮಣೆಯ ಅಂಚಿರಲಿಲ್ಲ. ಕೆಳಗೆ ನೆಲವಿತ್ತು, ಅಂಗಡಿಯ ಆ ತುದಿಯವರೆಗೂ. ಆದರೆ ಅವಳ ಪಾದಕ್ಕೆ ಯಾರೂ ಅದನ್ನು ಹೇಳಿರಲಿಲ್ಲ.

"ನಡಿಯೆ" ಎಂದಳು ಟೈಲರಕ್ಕ.

"ನಡೀತೀನಿ ಇರಕ್ಕ. ನಲವತ್ತು ವರ್ಷದ ಅಭ್ಯಾಸ."

ಮೊದಲಿಂದ ಮತ್ತೆ ಹಿಡಿದಳು. ಕಾಲು ಮತ್ತೆ ತಡೆಯಿತು. ಅವಳು ಅದನ್ನು ಬೈದಳು, ಕಾಲನ್ನೇ, ಹೆಸರಿಟ್ಟು. ಮೂರನೆಯ ಸಲ ಗೊರಡು ಹೊರಟಿತು, ಏಣು ಹಾಯಿತು, ಅವಳು ಅದರ ಹಿಂದೆ ನಡೆದಳು, ನಡೆಯುತ್ತಲೇ ಇದ್ದಳು, ಹಲಗೆ ಮುಗಿಯಿತು. ಅವಳಷ್ಟೇ ಉದ್ದದ ಸುರುಳಿ ಒಂದು ಕಡೆಯೂ ಹರಿಯದೆ ನೆಲಕ್ಕೆ ಇಳಿಯಿತು. ಹೆಂಗಸರು ಹೋ ಎಂದು ಕೂಗಿದರು. ಕುಳ್ಳಿ ಮೇಸ್ತ್ರಿ ಹಲಗೆಯ ಆ ತುದಿಯಲ್ಲಿ ನಿಂತು, ಬೆವರು ಒರೆಸುವ ನೆಪದಲ್ಲಿ ತೋಳಿನಿಂದ ಮುಖ ಮುಚ್ಚಿಕೊಂಡು ಸ್ವಲ್ಪ ಹೊತ್ತು ಅತ್ತಳು. ಅಣ್ಣ ಹೋಗಿದ್ದನಲ್ಲ, ಈಗ ಅಳಬಹುದಿತ್ತು.

ಟೈಲರಕ್ಕ ತನ್ನವರನ್ನು ಕರೆದುಕೊಂಡು ಹೊರಟ ಮೇಲೆ ಅಂಗಡಿಯಲ್ಲಿ ತಾಯಿ ಮಗಳು ಇಬ್ಬರೇ ಉಳಿದರು. ಅಮ್ಮ ಇನ್ನೂ ಒಳಬಾಗಿಲಲ್ಲೇ ಇದ್ದಳು. ಮಗಳು ಬೈಗುಳಕ್ಕೆ ಸಿದ್ಧವಾಗಿ ಗರಗಸಕ್ಕೆ ಎಣ್ಣೆ ಹಚ್ಚತೊಡಗಿದಳು.

ಅಮ್ಮ ಬಂದು ಬೆಂಚಿನ ಮುಂದೆ ನಿಂತಳು. ಅತ್ತಿತ್ತ ನೋಡಿದಳು. ಹೊರಗಿನವರು ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ತನ್ನ ಕೈ ಇಳಿಬಿಟ್ಟಳು. ಅಂಗೈ ಹಲಗೆಯ ಮೇಲೆ ಕೂತಿತು. ಬಹಳ ಹೊತ್ತು ಅದನ್ನು ಅಲ್ಲಿಂದ ತೆಗೆಯಲಿಲ್ಲ.

"ಗರಗಸ ಒಳಗಿಡಬೇಡ ಇನ್ನೂ" ಎಂದಳು.

"ಯಾಕಮ್ಮ?"

"ಅಡುಗೆಮನೆ ಮೇಜು ಮಾಡಿದ್ದೂ ನಿಮ್ಮಪ್ಪನೇ. ಈ ಮನೆಗೆ ಬಂದಾಗಿಂದ ಮೊಣಕೈ ಮೇಲಕ್ಕೆತ್ತಿಕೊಂಡೇ ತರಕಾರಿ ಹೆಚ್ತಿದ್ದೀನಿ. ಭುಜ ನೋವು ಅಂದ್ರೆ ನಿಮ್ಮಣ್ಣ ಔಷಧಿ ತಂದುಕೊಡ್ತಾನೆ." ಅಮ್ಮ ಒಳಬಾಗಿಲ ಕಡೆ ತಿರುಗಿ ನಡೆದಳು. "ಆ ಕೋಲೂ ತಗೊಂಡು ಬಾ. ನನ್ನ ಅಳತೆ ತಗೋ."